ಎರಡು ಎಳೆ

ತಪ್ಪು ಡ್ರೈವರ್‌ದೇ, ಅಂದೆ.
ಲಾರಿಗೊರಗಿ ಬೀಡಿ ಸೇದುತ್ತಿದ್ದ ಮೊಯ್ದು
ತಟ್ಟನೆ ತಿರುಗಿದ.
ನಿನ್ನದಲ್ಲ ಮಾರಾಯ,
ಕರ್ನಲ್ ಒಳಗೆ ಕೂತು ತಕ್ಕಡಿಯ ಮಾತನ್ನು
ಕಂಪ್ಯೂಟರಿಗೆ ಮುಟ್ಟಿಸುತ್ತದಲ್ಲ, ಅದರದು.

ಗೋಣಿಕೊಪ್ಪ ಮಂಡಿಯ ಕರಿಮೆಣಸು:
ಒಂದು ಎಳೆ ತೂಕ ಸರಿಯಿದೆಯೆಂದು ನೋಡಿ
ಬರೆಯಲು ಬಗ್ಗುವಷ್ಟರಲ್ಲಿ
ಇನ್ನೊಂದು ಅದೇ ಜಾಗಕ್ಕೆ ಕೈಯಿಟ್ಟು
ಅಂಕಿ ಬದಲಿಸಿರುತ್ತದೆ.
ಎರಡೂ ಸುಳ್ಳಾಡಿಲ್ಲ.
ಆ ಚೂರು ಹೊತ್ತು ಗೊತ್ತಿದ್ದವನಿಗೆ
ಕನ್ನ ಕೊರೆಯುವುದೇ ಬೇಡ.

ಸಾವಿರ ಸಲ ಓಡಿಸಿದೆ, ಏನೂ ಆಗಲಿಲ್ಲ.
ಟೀ ತರಲು ಎದ್ದಾಗ
ಐವತ್ತು ಕಿಲೋ ಮೂಟೆ ಐನೂರು ತೂಗಿತು.

ಬೀಗ ಹಾಕಿದೆ, ಎರಡೇ ಸಾಲು:
ನೋಡುವ ಮುಂಚೆ ಹಿಡಿ,
ಬರೆದ ಮೇಲೆ ಬಿಡು.

ಮೊಯ್ದು ಬೀಡಿ ಹೊಸಕಿದ.
"ಹೋದ ಕುಯ್ಲಿನ ಚೀಟಿ
ಇನ್ನೂ ಜೇಬಲ್ಲಿದೆ," ಅಂದ.
"ಅದರಲ್ಲಿ ಬರೆದದ್ದು ಯಾವ ಎಳೆ?"