ಎಡಕ್ಕ ಹೋದರ

ವಾಡಿ ಜಂಕ್ಷನ್ನಿನ ಹಿಂದ ದಸ್ತಗೀರ್ ಮಾಮೂನ ಅಂಗಡಿ.
ಶಹಾಬಾದಿ ಫರಸಿ ಮ್ಯಾಲ ಎರಡು ಪೆಟ್ಟಿಗಿ,
ಒಂದು ಯಾವಾಗ್ಲೂ ಕೆಟ್ಟದ್ದು.
ರೂಪಾಯಿಗೆ ಮೂರು ಜೀವ.
ಸಿಮೆಂಟಿನ ಧೂಳು ಗುಂಡಿಯೊಳಗ ಕೂತು
ಹಾರು ಅಂದ್ರ ಹಾರ್ತಿರಲಿಲ್ಲ;
ಹಳ್ಳ ಬರೋಕಿಂತ ಒಂದು ಉಸಿರು ಮೊದಲೇ ಒತ್ತಬೇಕು.
ಹಂಗ ಒತ್ತೋದಕ್ಕೇ ನಾವು ಆಟ ಅಂತಿದ್ವಿ.

ಎಲ್ಲರೂ ಬಲಕ್ಕ ಓಡ್ತಿದ್ರು, ಆಟ ಇದ್ದದ್ದೇ ಬಲಕ್ಕ.
ಚಿತ್ತಾಪುರದ ಪ್ಯಾಸೆಂಜರ್ ತಪ್ಪಿದ ಒಂದು ಮಧ್ಯಾಹ್ನ
ನಾನು ಎಡಕ್ಕ ಹೋದೆ, ಸುಮ್ಕ,
ಗ್ವಾಡಿಗೆ ಹಣಿ ಬಡ್ಕೋತ, ಬಡ್ಕೋತ—
ಹದಿನೇಳನೇ ಸಲಕ್ಕ ಗ್ವಾಡಿ ಹರೀತು.
ಒಳಗ ಏನೂ ಇರಲಿಲ್ಲ.
ಮುರುಕ ಅಂಕಿ, ಅರ್ಧ ಮರ, ತಲೆಕೆಳಗಾದ ಒಂದು ಚಂದ್ರ.
ಯಾರೂ ಕಟ್ಟದ ಖೋಲಿ.
ಮರುದಿನ ಇಡೀ ರೇಲ್ವೆ ಕ್ವಾರ್ಟರ್ಸೇ ಬಂದು ನಿಂತಿತು.
"ಮಷೀನ್ ಖರಾಬ್ ಅದ, ದುರಸ್ತಿ ಮಾಡ್ತೀನಿ" ಅಂದ ಮಾಮು.
ಮಾಡಬ್ಯಾಡ ಅಂತ ಅವನ ಕಾಲು ಹಿಡಿದಂವ
ಗ್ಯಾಂಗ್‌ಮನ್ ಭೋಜಣ್ಣನ ಮಗ.

ಈಗ ಅದೇ ಆಟ ಮತ್ತ ಮಾಡ್ಯಾರ.
ತಂಗಿ ಮಗಳು ಸುಗಲಾ ಫೋನ್ ಹಿಡಿದು ತೋರಿಸ್ತಾಳ.
ಮೋಡಕ್ಕ ನೆರಳದ. ಹುಲ್ಲು ಎಳಿ ಎಳಿಯಾಗಿ ಅಲ್ಲಾಡ್ತದ.
ನಮ್ಮ ಎಂಟು ಚೌಕದ ಮುಖದವನಿಗೆ
ಈಗ ಗಡ್ಡ ಅದ, ಸತ್ತ ತಮ್ಮ ಅದಾನ,
ಹಳ್ಳದ ಮುಂದ ನಿಂತು ಅಳ್ತಾನ—
ಅಳೋದು ಮುಗಿಯೋತನಕ ಹಾರ್ಲಾಕ ಬಿಡಂಗಿಲ್ಲ.

"ಎಡಕ್ಕ ಹೋಗು" ಅಂದೆ.
ಗ್ವಾಡಿಗೆ ಬಾಗಿಲಾ ಇಟ್ಟಾರ,
ಬಾಗಿಲಿಗೆ ಬಾಣದ ಗುರ್ತು. ಒಳಗ ಚಂದ್ರ,
ತಲೆಕೆಳಗೇ, ಆದ್ರ ಬೇಕಂತಲೇ,
ಅಳತಿ ಹಿಡಿದು ತೂಗುಹಾಕಿದ್ದು;
ಅದರ ಕೆಳಗ ನೂರು ನಾಣ್ಯ, "ಹಳೆ ಗೆಳೆಯರಿಗೆ" ಅಂತ ಬರ್ದದ್ದು.
ನನಗೇ ಇಟ್ಟದ್ದು. ತಗೊಂಡೆ.
ಮೈಯಾಗ ಏನೂ ಆಗಲಿಲ್ಲ.

ಆದ್ರ ಸುಳ್ಳು ಯಾಕ ಹೇಳಲಿ,
ಹಾರೋ ಸಪ್ಪಳ ಹಂಗೇ ಇಟ್ಟಾರ—
ಕಾದ ತವಾಕ್ಕ ನೀರು ಬಿದ್ದಂಗ, ಚುಂಯ್.
ಕೇಳಿದ್ದೇ ತಡ, ಖಾಲಿ ಗಾಳಿಯಾಗ
ನನ್ನ ಹೆಬ್ಬಟ್ಟು ತಾನೇ ಎದ್ದಿತು,
ಒಂದು ಉಸಿರು ಮೊದಲೇ.
ಯಾವನೋ ಒಬ್ಬಂವ, ಎಲ್ಲೋ ಕೂತು,
"ಇದನ್ನ ಮುಟ್ಟಬ್ಯಾಡ್ರಿ" ಅಂದಿರಬೇಕು ಮೀಟಿಂಗಿನಾಗ.
ಅವನಿಗೊಂದು ಚಹಾ ಕುಡಿಸಬೇಕು.

ನಾನು ಆಡಿದೆ. ಹಳ್ಳದಾಗ ಬಿದ್ದೆ. ಮತ್ತ ಬಿದ್ದೆ.
ಗುಂಡಿ ಚೊಕ್ಕ ಅದ, ಒತ್ತಿದ ಕೂಡ್ಲೇ ಹಾರ್ತದ;
ನಾನೇ ಧೂಳಿನ ಲೆಕ್ಕದಾಗ ಒತ್ಲಾಕತ್ತೀನಿ.
"ಮಾಮಾ, ನಿನಗ ಬರಂಗಿಲ್ಲ, ಕೊಡಿಲ್ಲಿ" ಅಂದಳು.

ಕೊಟ್ಟೆ. ಆಕಿ ಅವನನ್ನ ಸೇತುವಿ ತುದಿಗೆ ನಿಲ್ಲಿಸಿ
ಹಿಂದಕ್ಕ ಮುಂದಕ್ಕ, ಹಿಂದಕ್ಕ ಮುಂದಕ್ಕ—
ಮೊಣಕಾಲತನ ಕಲ್ಲಿನಾಗ ಹೂತ,
ಆಮ್ಯಾಲ ನಡುತನ. ಗಡ್ಡ, ದುಃಖ ಎಲ್ಲಾ ಸಮೇತ
ಕಲ್ಲಿನೊಳಗೇ ನಡೀಲಾಕ ಹತ್ತಿದ.
ಸುಗಲಾ ಕಿಸಕ್ಕನ ನಕ್ಕು
ಚಪ್ಪಲಿ ಸುದ್ದಾ ಇಲ್ಲದ ಓಣಿಗೆ ಓಡಿದಳು,
"ಏ ಬರ್ರೇ, ಇಲ್ಲಿ ನೋಡ್ರೇ!"

ನಾಳೆ ಅಪ್‌ಡೇಟ್ ಬರ್ತದಂತ.