ಖರಾಬು

ಆ ಅಕ್ಷರ ನನ್ನದೇ.
ಎಂಬತ್ತೇಳರ ಬೇಸಿಗೆ, ಕಡೂರು ತಾಲ್ಲೂಕು ಕಚೇರಿ,
ಫ್ಯಾನು ಕೆಟ್ಟ ಕೋಣೆಯಲ್ಲಿ ಪಹಣಿ ನಕಲು ಮಾಡುತ್ತ
ಬಿಲ್ಲೇಕಲ್ಲು ಕಾವಲಿನ ಒಂಬೈನೂರು ಚಿಲ್ಲರೆ ಎಕರೆಯ ಮುಂದೆ
ನೀಲಿ ಶಾಯಿಯಲ್ಲಿ ಬರೆದೆ: ಖರಾಬು.
ಕೊಂಬು ಉದ್ದ ಎಳೆದ ಬು. ಅದರ ಮೇಲೆ ಹೆಮ್ಮೆಯಿತ್ತು ನನಗೆ.
ಕಾವಲನ್ನು ನೋಡಿರಲಿಲ್ಲ.

ಈಗ ಪಿಂಚಣಿ, ಮಂಡಿನೋವು, ಒಂದು ಬಟ್ಟೆಚೀಲ.
ಚೀಲದಲ್ಲಿ ಅರ್ಜಿ: ಸದರಿ ಕಾವಲನ್ನು
ಸಂರಕ್ಷಿತ ಹುಲ್ಲುಗಾವಲೆಂದು ಘೋಷಿಸಬೇಕಾಗಿ.
ಮುನ್ನೂರ ಹನ್ನೆರಡು ಸಹಿ.
ಬೀರೂರಿನ ಸೈಕಲ್ ಶಾಪಿನ ಬಾಷುಮಿಯಾ
ಗ್ರೀಸಿನ ಕೈ ಒರೆಸಿಕೊಳ್ಳುತ್ತ ಕೇಳಿದ್ದ,
ಹುಲ್ಲೆ ಅಂದರೆ ಕೊಂಬು ತಿರುಚಿಕೊಂಡಿರುತ್ತಲ್ಲ, ಅದಾ?
ಸರಿ, ಎಲ್ಲಿ, ಪೆನ್ನು ಕೊಡಿ.

ಗೊಲ್ಲರಹಟ್ಟಿಯಲ್ಲಿ ಹಾಗಾಗಲಿಲ್ಲ.
ಈರಕ್ಕ ಮುಳ್ಳುಬೇಲಿಯಾಚೆಯೇ ನಿಂತು ಪೂರ್ತಿ ಓದಿಸಿದಳು.
"ಐದನೇದು ಇನ್ನೊಂದ್ಸಲ ಓದವ್ವ."
ಜಾನುವಾರುಗಳ ಪ್ರವೇಶ ಸಂಪೂರ್ಣ ನಿಷೇಧ.
"ಹುಲ್ಲು ಎದೆಮಟ ಬೆಳೀತದೆ. ಆಮೇಲೆ?"
ಆಮೇಲೆ ಹುಲ್ಲೆ ಬರುತ್ತವೆ, ತೋಳ ಬರುತ್ತದೆ, ಎಂದೆ.
"ಅವಕ್ಕಿಂತ ಮೊದ್ಲು ಬೆಂಕಿ ಬರ್ತದೆ"
ಎಂದು ಕುರಿಮರಿಯ ಮೂಗು ಒರೆಸಿದಳು.
ನಾನು ಮನಸ್ಸಿನಲ್ಲೇ ಒಂದು ಕಲಮು ತುಂಬಿದೆ:
ತಿಳುವಳಿಕೆ, ಇಲ್ಲ.

ಶಿವರಾತ್ರಿ ಕಳೆದು ಹದಿನಾರನೇ ದಿನ ಬಂತು.
ಎಲ್ಲಿಂದ ಅಂತ ಇನ್ನೂ ಜಗಳವಿದೆ:
ರೈಲಿನ ಕಿಟಕಿಯ ಬೀಡಿ ಎನ್ನುವವರು,
ಚಿಗುರಿನಾಸೆಗೆ ಹಟ್ಟಿಯವರೇ ಇಟ್ಟರು ಎನ್ನುವವರು,
ನೆಲ ಬೋಳಾದರೆ ಯಾರಿಗೆ ಲಾಭ ಹೇಳಿ
ಎಂದು ಸೋಲಾರ್ ಕಂಪನಿಯ ಬೋರ್ಡಿನತ್ತ ಕಣ್ಣು ಹಾಯಿಸುವವರು.
ಬೆಂಕಿ ಯಾರ ಮಾತಿಗೂ ನಿಲ್ಲಲಿಲ್ಲ.
ಬಾದೆಹುಲ್ಲನ್ನು ಸಾಲು ಬಿಡದೆ ಓದುತ್ತ ಬಂತು,
ಇಲಾಖೆ ನೆಟ್ಟ ನೀಲಗಿರಿ ಸಿಕ್ಕಾಗ
ಗಟ್ಟಿಯಾಗಿ, ಪಟಪಟನೆ.

ಬಂದ್ರಿಸೊಪ್ಪು ಮುರಿದು ಬಡಿದೆವು,
ನಾನು, ಮೂರು ತಿಂಗಳ ಕೂಲಿ ಬಾಕಿಯಿರುವ
ಫೈರ್ ವಾಚರ್ ಸೋಮ್ಲಾನಾಯ್ಕ, ಹಟ್ಟಿಯ ಹದಿನೈದು ಜನ.
ಅಗ್ನಿಶಾಮಕದ ಗಾಡಿ
ಡಾಂಬರು ಮುಗಿದಲ್ಲಿ ದೀಪ ತಿರುಗಿಸುತ್ತ ನಿಂತಿತ್ತು.
ಕಣ್ಣೆದುರೇ ಒಂದು ನೆಲಗುಬ್ಬಿ
ಹೊಗೆಯೊಳಕ್ಕೆ ವಾಪಸು ಹೋಯಿತು.
ಅದು ಹೊರಗೆ ಬರಲಿಲ್ಲವೋ, ನಾನು ನೋಡಲಿಲ್ಲವೋ.

ನಡುರಾತ್ರಿ ಬೆಂಕಿ ಒಂದು ಕಡೆ ತಾನಾಗಿ ನಿಂತಿತು.
ನಾವು ಬಡಿದ ಕಡೆ ಅಲ್ಲ.
ಟಾರ್ಚು ಬಿಟ್ಟು ನೋಡಿದರೆ, ಕುರಿಯ ಜಾಡು.
ಹಟ್ಟಿಯಿಂದ ಕಟ್ಟೆಯವರೆಗೆ,
ಎಷ್ಟೋ ತಲೆಮಾರು ಮೇಯ್ದು ತುಳಿದು
ಅಂಗೈಯಂತೆ ಬೋಳಾದ, ನಾಲ್ಕು ಮಾರು ಅಗಲದ ನೆಲ.
ಆಚೆ ಬೂದಿ. ಈಚೆ, ಇಬ್ಬನಿ ಕೂರತೊಡಗಿದ್ದ ಹುಲ್ಲು.
ಈರಕ್ಕ ಏನೂ ಹೇಳಲಿಲ್ಲ.
ಅಷ್ಟು ದೊಡ್ಡ ಮನಸ್ಸಿನವಳೇನಲ್ಲ,
ಕೆಮ್ಮು ಹತ್ತಿತ್ತು, ಅಷ್ಟೆ.

ಬೆಳಿಗ್ಗೆ ಐದನೇ ಅಂಶ ಹೊಡೆದುಹಾಕಿ
ಜಾಡುಗಳ ನಕ್ಷೆ ಬರೆಯಲು ಕೂತೆ, ಅವಳು ಹೇಳಿದಂತೆ.
ಮೈಸೂರಿನ ಸಂಸ್ಥೆಯವರು ಫೋನಿನಲ್ಲಿ ಸಿಟ್ಟಾದರು:
ಕುರಿ ಬಿಟ್ಟರೆ ಕಾಡು ಉಳಿಯುತ್ತಾ ಮೇಡಂ?
ಇದು ಕಾಡಲ್ಲ, ಎಂದೆ.
ಹಾಗಾದರೆ ಏನು?
ಇಷ್ಟು ವರ್ಷವಾದ ಮೇಲೂ
ಒಂದು ಪದದಲ್ಲಿ ಹೇಳಲು ಬರಲಿಲ್ಲ.
ಇಪ್ಪತ್ತೊಂದು ಸಹಿ ವಾಪಸು ಹೋದವು.
ಹಟ್ಟಿಯಿಂದ ಮೂವತ್ತು ಬಂದವು, ಬಹುಪಾಲು ಹೆಬ್ಬೆಟ್ಟು,
ಶಾಯಿಗಿಂತ ಮಸಿಯೇ ಹೆಚ್ಚು.

ಇವತ್ತು ಅದೇ ಕಚೇರಿ. ಬೆಂಚಿನ ಮೇಲೆ ಅವಳು, ನಾನು.
ಅವಳ ಕಂಬಳಿಯಲ್ಲಿ ಇನ್ನೂ ಹೊಗೆವಾಸನೆ.
ಪರಿಚಯದ ಹುಡುಗ ಬೆಂಕಿಯ ವರದಿ ತೋರಿಸಿದ:
ಸುಟ್ಟ ವಿಸ್ತೀರ್ಣ, ನಾನೂರ ಆರು ಎಕರೆ.
ಜಮೀನಿನ ವಿಧ, ಖರಾಬು.
ನಷ್ಟ, ಇಲ್ಲ.

"ಏನ್ ಬರ್ದವ್ರೆ?"
ಓದಿದೆ.
ಈರಕ್ಕ ಹಾಳೆಯನ್ನು ಬೆಳಕಿಗೆ ಹಿಡಿದಳು,
ತಲೆಕೆಳಗಾಗಿ, ಆಮೇಲೆ ಸರಿಯಾಗಿ.
ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು,
"ಇದು ನಿನ್ನ ಅಕ್ಷರವಾ?"
ಅಲ್ಲ, ಕಂಪ್ಯೂಟರಿನದು, ಎಂದೆ.
ಅದರ ಮೇಲಿನ ಸಾಲು ನನ್ನದು
ಎಂದು ಹೇಳಬೇಕೆನ್ನುವಷ್ಟರಲ್ಲಿ
ನಮ್ಮ ಟೋಕನ್ ಕೂಗಿದರು.