ಹಗಲು ದೀವಟಿಗೆ

ನಮ್ಮ ನಾಟಕಕ್ಕೆ ರಾತ್ರಿಯಿಲ್ಲ.
ಕೋಳಿ ಕೂಗುವ ಹೊತ್ತಿಗೇ ಜನ ಬಂದು
ಗುಡ್ಡದ ಮಗ್ಗುಲಿಗೆ ಕೂತುಬಿಡುತ್ತಾರೆ,
ಬುತ್ತಿಯಲ್ಲಿ ಈರುಳ್ಳಿ, ಅಂಜೂರ, ಕುಂಡಿಯಡಿಗೊಂದು ದಿಂಬು.
ನಡುಹಗಲಿಗೆ ಅಥೆನ್ಸಿನ ಬಿಸಿಲು
ಸಾಲ ಕೊಟ್ಟವನ ಹಾಗೆ ತಲೆಯ ಮೇಲೆ ನಿಲ್ಲುತ್ತದೆ.
ಅದರೆದುರೇ ನಾವು ಕತ್ತಲು ಮಾಡಬೇಕು.

ಹೇಗೆ ಮಾಡುತ್ತೀರಿ? ಕೇಳಿದ ಕೊರಿಂಥದ ಒಬ್ಬ ವ್ಯಾಪಾರಿ.
ಒಬ್ಬ ಹುಡುಗನ ಕೈಗೆ ಪಂಜು ಕೊಡುತ್ತೇವೆ, ಅಂದೆ.
ಉರಿಯುವುದು ಕಂಡರೆ ಸಾಕು,
ಅಷ್ಟು ಸಾವಿರ ಕಣ್ಣು ಒಪ್ಪಿಕೊಳ್ಳುತ್ತವೆ, ಇರುಳಾಯಿತು ಅಂತ.

ನಾನು ಫಾನಿಯಾಸ್. ರಂಗದ ಹಿಂದಿನ ಮರದ ಮನೆಯಲ್ಲಿ
ಮುಖವಾಡದ ಲೆಕ್ಕ, ಪಂಜಿನ ಲೆಕ್ಕ ನನ್ನದು.
ನಾರುಬಟ್ಟೆಗೆ ಅಂಟು ಬಳಿದು ಒಣಗಿಸಿದ ರಾಜರು
ಗೂಟಕ್ಕೆ ನೇತಾಡುತ್ತಾರೆ, ಬಾಯಿ ತೆರೆದು.
ಕುರುಡನ ಮುಖಕ್ಕೂ ಎರಡು ತೂತು ಕೊರೆಯುತ್ತೇನೆ;
ಇಲ್ಲದಿದ್ದರೆ ನಟ ಮೆಟ್ಟಿಲಲ್ಲಿ ಮುಗ್ಗರಿಸುತ್ತಾನೆ.

ಪಂಜಿನ ಹುಡುಗ ತಿಬಿಯೋಸ್.
ಹೆಸರು ಸಂತೆಯಲ್ಲಿ ಯಾರೋ ಇಟ್ಟದ್ದು.
ಲಾವ್ರಿಯೋನಿನ ಬೆಳ್ಳಿಗಣಿಯಿಂದ ಅಗ್ಗಕ್ಕೆ ಸಿಕ್ಕಿದ,
ಮೊಣಕಾಲಿನ ಚರ್ಮ ಲಾಳದಷ್ಟು ಗಟ್ಟಿ.
ಒಂದೇ ಒಂದು ಸಲ ಹೇಳಿದ್ದ:
ಬಂಡೆಯ ಗೂಡಿನಲ್ಲಿ ಹಣತೆ, ಅಳೆದು ಹೊಯ್ದ ಎಣ್ಣೆ,
ಅದು ಉರಿಯುವಷ್ಟು ಹೊತ್ತು ದುಡಿಮೆ.
ಒಂದು ದಿನ ಎಲ್ಲಿಂದಲೋ ಗಾಳಿ.
ಮುಂದೆ ತೆವಳುತ್ತಿದ್ದವನ ಸುತ್ತಿಗೆ
ಟಕ್ ಟಕ್ ಅನ್ನುತ್ತಿತ್ತು, ಆಮೇಲೆ
ಅದೂ ಅನ್ನಲಿಲ್ಲ.

ಆ ವಸಂತದ ನಾಟಕದಲ್ಲಿ ರಾಜನೊಬ್ಬ
ಕತ್ತಲಲ್ಲಿ ಕಳ್ಳನೆಂದು ತಮ್ಮನನ್ನೇ ಇರಿಯುತ್ತಾನೆ.
ಪಂಜು ಬರುತ್ತದೆ, ಮುಖ ಕಾಣುತ್ತದೆ.
"ಆರಿಸೋ ಹುಡುಗಾ, ಕಂಡದ್ದು ಸಾಕು!"
ಹುಡುಗ ಬೆಂಕಿಯನ್ನು ಮಣ್ಣಿಗೊತ್ತಬೇಕು.
ಅವನದು ಅಷ್ಟೇ ಪಾತ್ರ. ಮಾತಿಲ್ಲ.

ತಿಬಿಯೋಸ್ ಆರಿಸಲಿಲ್ಲ.
ರಾಜ ಮತ್ತೆ ಕೂಗಿದ. ಮೂರನೆಯ ಸಲ
ಮುಖವಾಡದೊಳಗಿನ ಮನುಷ್ಯನೇ ಕೂಗಿದ.
ಹುಡುಗ ಅಂಗೈ ಅಡ್ಡ ಹಿಡಿದು,
ಗಾಳಿಗೆ ಬೆನ್ನು ಕೊಟ್ಟು, ಎದೆಗವಚಿಕೊಂಡ
ಬಿಸಿಲಲ್ಲಿ ಯಾರಿಗೂ ಸರಿಯಾಗಿ ಕಾಣದ ಆ ಉರಿಯನ್ನು.
ಕೂದಲು ಸುಟ್ಟ ವಾಸನೆ ನನ್ನ ತನಕ ಬಂತು.

ಇಡೀ ಗುಡ್ಡ ಅತ್ತಿತು.
ಎಂಥ ಕಲ್ಪನೆ, ಅಂದರು, ಬೆಳಕೇ ರಾಜನ ಮಾತು ಮೀರಿತಲ್ಲ!
ಒಳಬರಲು ಅವರು ತೆತ್ತ ಪುಟ್ಟ ಬಿಲ್ಲೆಗಳು
ನನ್ನ ಮುಂದಿನ ಗಡಿಗೆಯಲ್ಲಿದ್ದವು.
ಲಾವ್ರಿಯೋನಿನ ಬೆಳ್ಳಿ, ಒಂದೊಂದರ ಮೇಲೂ ಗೂಬೆ.
ಕೈ ಹಾಕಿದೆ. ತಣ್ಣಗಿದ್ದವು.

ನಾಟಕದ ಖರ್ಚು ಹೊತ್ತ ದೊಡ್ಡಮನುಷ್ಯ
ಹುಡುಗನಿಗೆ ಆರು ಛಡಿ ಕೊಡಿಸಿದ, ಆಮೇಲೆ
ನಾಳೆಯೂ ಹಾಗೇ ಮಾಡಿಸು, ಅಂದ.

ಆ ರಾತ್ರಿ, ನಾವು ಮಾಡಿದ್ದಲ್ಲ, ತಾನಾಗಿ ಬಂದದ್ದು,
ಅವನು ನಮ್ಮ ಮನೆಯ ದೀಪದ ಗೂಡಿನ ಕೆಳಗೆ ಮಲಗಿದ್ದ,
ಸುಟ್ಟ ಅಂಗೈಗೆ ಜೇನು ಸವರಿಕೊಂಡು.
ಎಣ್ಣೆಯೇನು ಪುಕ್ಕಟೆ ಬರುತ್ತದೆಯೇ ಅಂದಳು ನನ್ನವಳು.
ಊದಲೆಂದು ಬಗ್ಗಿದೆ.
ನಿದ್ದೆಯಲ್ಲೇ ಅವನ ಇನ್ನೊಂದು ಕೈ
ನೆಲವನ್ನು ಕುಟ್ಟುತ್ತಿತ್ತು, ಟಕ್ ಟಕ್,
ಮುಂದೆ ಹೋದವನಿಗೆ ಕೇಳಲಿ ಅನ್ನುವ ಹಾಗೆ.

ಬಾಯ್ತುಂಬ ಉಸಿರು ಹಿಡಿದು ನಿಂತೆ.
ಆಮೇಲೆ ಮೆಲ್ಲಗೆ, ಪಕ್ಕಕ್ಕೆ ತಿರುಗಿ,
ಅದನ್ನು ಬಾಗಿಲ ಕಡೆಗೆ ಬಿಟ್ಟೆ.